ಚಿತ್ರವು ಸಾಕ್ಷಿಯಾಗಬೇಕಾದರೆ

(ಶಂಕರಘಟ್ಟದಲ್ಲಿ ವಿದ್ಯಾರ್ಥಿಗಳು ಹಾಗೂ ಗ್ರಾಮಸ್ಥರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಬರಹರೂಪ)



ಇಲ್ಲಿಗೆ ಸಮೀಪದಲ್ಲೇ ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ ಭದ್ರೆ ತಂಗಿದ್ದಾಳೆ. ಗಂಗಾಮೂಲದಲ್ಲಿ ಹುಟ್ಟಿ, ಕುದುರೆಮುಖ, ಕಳಸ, ಬಾಳೆಹೊನ್ನೂರುಗಳನ್ನು ಹಾದು ಬರುವ ಈ ನದಿಗೆ ಕಬ್ಬಿಣದ ಅದಿರಿನ ಗಣಿಯಿಂದ ಹೂಳು ಹರಿಯುತ್ತಿದೆ ಎಂಬುದು ಕುದುರೆಮುಖ ಹೋರಾಟದ ಮುಖ್ಯ ವಾದಗಳಲ್ಲೊಂದಾಗಿತ್ತು. 2001ರಲ್ಲಿ ಶೇಖರ್ ದತ್ತಾತ್ರಿಯವರು ನಿರ್ಮಿಸಿದ ‘ಮೈಂಡ್‌ಲೆಸ್ ಮೈನಿಂಗ್’ ಎಂಬ ಕಿರುಚಿತ್ರವು ಆ ದುರಂತವನ್ನು ಜನರ ಕಣ್ಣೆದುರಿಗೆ ತಂದಿತು. 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪು ನೀಡಿತು; 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಚಿತ್ರವೊಂದರಿಂದಲೇ ಗೆಲುವು ಬರಲಿಲ್ಲ, ನಿಜ. ಆದರೆ ಮಾತಿಗೆ ನಿಲುಕದ್ದನ್ನು ಚಿತ್ರ ತೋರಿಸಬಲ್ಲದೆಂಬುದು ಅಂದೇ ಸಿದ್ಧವಾಯಿತು.

ಇಂದು ಪ್ರತಿಯೊಬ್ಬರ ಕೈಯಲ್ಲೂ ಕ್ಯಾಮೆರಾ ಇದೆ. ಗುಡ್ಡ ಕುಸಿದರೆ, ಮರ ಉರುಳಿದರೆ, ಹಳ್ಳ ಕೆಂಪಾದರೆ ನೂರು ಚಿತ್ರಗಳು ಹುಟ್ಟುತ್ತವೆ. ಆದರೆ ‘ಇದು ಯಾವ ಹಳ್ಳ? ಯಾವ ದಿನ? ತೆಗೆದವರು ಯಾರು?’ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದಿದ್ದರೆ ಆ ನೂರೂ ವ್ಯರ್ಥ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸದೆ ಮಂಡಿಗೆ ಒಯ್ಯುವವರು ನಮ್ಮಲ್ಲಿಲ್ಲ. ಚಿತ್ರಗಳನ್ನು ಮಾತ್ರ ಏಕೆ ಒಂದೇ ಚೀಲಕ್ಕೆ ತುಂಬುತ್ತೇವೆ?

ಹಲವರು ಕೂಡಿ ವಿಡಿಯೊ ಪರಿಶೀಲಿಸಲು ಈಗ ಅಂತರ್ಜಾಲದಲ್ಲಿ ಫ್ರೇಮ್‌.ಐಒ ಮೊದಲಾದ ಸಾಧನಗಳಿವೆ. ಇವುಗಳ ವ್ಯವಸ್ಥೆ ಸರಳ. ಒಂದು ಕೆಲಸಕ್ಕೆ ಒಂದು ‘ಪ್ರಾಜೆಕ್ಟ್’. ಅದರೊಳಗೆ ಮೂಲ ದೃಶ್ಯ, ಸಂದರ್ಶನ, ನಕಾಶೆ, ಸಂಕಲಿತ ಚಿತ್ರ ಎಂದು ಬೇರೆ ಬೇರೆ ಫೋಲ್ಡರುಗಳು. ಪ್ರತಿ ಫೈಲಿನ ಹೆಸರಿನಲ್ಲಿ ಮೊದಲು ವರ್ಷ, ತಿಂಗಳು, ದಿನ. ಬಳಿಕ ಸ್ಥಳ, ವಿಷಯ, ಕ್ರಮಸಂಖ್ಯೆ ಇರಲಿ. ‘2025-07-14-ಬಾಳೆಹೊನ್ನೂರು-ಸೇತುವೆ-01’ ಎಂದು ಬರೆದರೆ ಪಟ್ಟಿಯು ತಾನಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತದೆ. ತಿದ್ದಿದ ಚಿತ್ರಕ್ಕೆ ‘ಕೊನೆಯದು’, ‘ನಿಜವಾಗಿ ಕೊನೆಯದು’ ಎಂದು ಹೆಸರಿಡಬೇಡಿ. ಆವೃತ್ತಿ 1, ಆವೃತ್ತಿ 2 ಎನ್ನಿ. ಹಳೆಯದನ್ನು ಅಳಿಸದೆ, ಹೊಸದನ್ನು ಅದರ ಮೇಲೆಯೇ ಪೇರಿಸುವ ಅನುಕೂಲ ಇಲ್ಲಿದೆ.

ಇನ್ನೊಂದು ಗುಣವೇ ನಮಗೆ ಹೆಚ್ಚು ಬೇಕಾದುದು. ನೋಡುವವರು ವಿಡಿಯೊದ ನಿರ್ದಿಷ್ಟ ಕ್ಷಣಕ್ಕೇ ಟಿಪ್ಪಣಿ ಅಂಟಿಸಬಹುದು. ‘2 ನಿಮಿಷ 14ನೆಯ ಸೆಕೆಂಡಿನಲ್ಲಿ ಹೇಳಿದ ಹಳ್ಳದ ಹೆಸರು ತಪ್ಪು’ ಎಂದು ತಿದ್ದಬಲ್ಲವರು ನಗರದ ಸಂಕಲನಕಾರರಲ್ಲ, ಆ ಹಳ್ಳದ ದಂಡೆಯಲ್ಲಿ ಬಾಳಿದ ಅಜ್ಜಿ. ಅವರಿಗೆ ಕಂಪ್ಯೂಟರ್ ಬಾರದಿದ್ದರೆ ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕುಳಿತು ಅವರ ಮಾತನ್ನು ಬರೆದುಕೊಳ್ಳಲಿ. ಊರಿನವರ ಒಪ್ಪಿಗೆ ದೊರೆಯುವವರೆಗೆ ಯಾವ ಚಿತ್ರವೂ ‘ಅಂಗೀಕೃತ’ ಎನಿಸಬಾರದು.

ಮೂರು ಎಚ್ಚರಿಕೆಗಳನ್ನು ಹೇಳಲೇಬೇಕು. ಮೊದಲನೆಯದು, ಮೂಲಪ್ರತಿಯ ರಕ್ಷಣೆ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಅದು ಕುಗ್ಗುತ್ತದೆ; ತೆಗೆದ ಸಮಯ, ಸ್ಥಳಗಳ ಮಾಹಿತಿಯೂ ಕಳಚಿಹೋಗುತ್ತದೆ. ‘ಡಾಕ್ಯುಮೆಂಟ್’ ರೂಪದಲ್ಲಿ ಕಳುಹಿಸಿ, ಮೂಲವನ್ನು ಮುಟ್ಟದೆ ಉಳಿಸಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಫೈಲಿನ ‘ಹ್ಯಾಶ್’ ಸಂಖ್ಯೆಯನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು ಇದ್ದಂತೆ. ಒಳಗೆ ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತದೆ.

ಎರಡನೆಯದು, ಇಂಥ ಸಾಧನ ಕಮ್ಮಟವೇ ಹೊರತು ಕಣಜವಲ್ಲ. ಚಂದಾ ನಿಂತರೆ, ಕಂಪನಿ ಕೈಬದಲಾದರೆ ನಮ್ಮ ದಾಖಲೆ ಎಲ್ಲಿ? ಫ್ರೇಮ್‌.ಐಒ ಸಂಸ್ಥೆಯನ್ನೇ 2021ರಲ್ಲಿ ಅಡೋಬಿ ಕೊಂಡುಕೊಂಡಿತು. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ, ಈ ಕ್ರಮವನ್ನು ಪಾಲಿಸಿ. ನಮ್ಮ ಮಳೆಗಾಲದ ತೇವಕ್ಕೆ ಹಾರ್ಡ್ ಡಿಸ್ಕೂ ಹೊರತಲ್ಲ.

ಮೂರನೆಯದು, ಯಾರಿಗೆ ಏನು ತೋರಿಸಬೇಕೆಂಬ ವಿವೇಕ. ಮಾತನಾಡಿದವರ ಅನುಮತಿಯಿಲ್ಲದೆ ಅವರ ಮುಖ ಹೊರಬೀಳಬಾರದು. ಅಪರೂಪದ ಸೀತಾಳೆ ದಂಡೆ ಎಲ್ಲಿ ಅರಳಿದೆಯೆಂದು ಜಗತ್ತಿಗೆ ಸಾರಿದರೆ ಮರುದಿನ ಅದು ಅಲ್ಲಿರಲಾರದು. ಹಂಚುವ ಲಿಂಕಿಗೆ ಪಾಸ್‌ವರ್ಡ್ ಇರಲಿ, ಅವಧಿಯ ಮಿತಿಯೂ ಇರಲಿ.

ನದಿಯ ಪರವಾಗಿ ನಾಳೆ ಮಾತನಾಡುವಾಗ ನಮ್ಮ ಕಂಠ ಎತ್ತರವಿದ್ದರೆ ಸಾಲದು, ಕಡತ ಸರಿಯಿರಬೇಕು. ಮಿತ್ರರೇ, ಈ ಭಾನುವಾರ ನಿಮ್ಮ ಮೊಬೈಲಿನಲ್ಲಿರುವ ಹಳ್ಳ, ಕಾಡು, ಗುಡ್ಡಗಳ ಹತ್ತು ಚಿತ್ರಗಳನ್ನು ಹೊರತೆಗೆದು, ಮನೆಯ ಹಿರಿಯರನ್ನು ಕೇಳಿ, ದಿನ ಮತ್ತು ಸ್ಥಳದ ಹೆಸರಿಡಿ. ಹಿರಿಯರು ಇರುವಾಗಲೇ ಈ ಕೆಲಸವಾಗಬೇಕು.