ಹಗುರ ಗಾಡಿಯ ಪರೀಕ್ಷೆ

(ವಾಚನಾಲಯದ ಭಾಷಣಮಾಲೆಯಲ್ಲಿ ಮಾಡಿದ ಭಾಷಣ)



ಇಬ್ಬರಿಗಷ್ಟೇ ಸ್ಥಳವಿರುವ ಸ್ಪೋರ್ಟ್ಸ್ ಕಾರಿನ ವಿಷಯ ನಮಗೇಕೆ ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಬಸ್ಸಿನಲ್ಲಿಯೂ ಲೋಕಲ್ ಗಾಡಿಯಲ್ಲಿಯೂ ನಿಂತು ಹೋಗುವ ನಮಗೆ ಅದನ್ನು ಕೊಳ್ಳುವ ಮಾತು ದೂರವೇ ಸರಿ. ಆದರೆ ನಮ್ಮವರಲ್ಲಿ ಎಷ್ಟೋ ಮಂದಿ ಟ್ಯಾಕ್ಸಿ, ಲಾರಿ, ಪರರ ಕಾರು ನಡೆಸಿ ಸಂಸಾರ ಸಾಗಿಸುತ್ತಾರೆ. ಗಾಡಿಯ ಗುಣ ತಿಳಿಯುವುದು ಅವರಿಗೆ ಹೊಟ್ಟೆಯ ವಿಷಯ. ಒಮ್ಮೊಮ್ಮೆ ಪ್ರಾಣದ ವಿಷಯ. ಆ ಗುಣವನ್ನು ಸ್ಪಷ್ಟವಾಗಿ ತೋರಿಸುವ ಕಾರೊಂದನ್ನು ಆರಿಸಿಕೊಂಡಿದ್ದೇನೆ. ಅದು ಜಪಾನಿನ ಮಾಜ್ದಾ ಎಂಎಕ್ಸ್-5.

ಇಂಗ್ಲೆಂಡಿನ ಲೋಟಸ್ ಕಂಪನಿ 1962ರಲ್ಲಿ ಎಲಾನ್ ಎಂಬ ಕಾರನ್ನು ಹೊರತಂದಿತು. ಅದರ ತೂಕ 700 ಕಿಲೋಗಿಂತ ಕಡಿಮೆ. ಕಾಲಕ್ರಮದಲ್ಲಿ ಅಂಥ ಹಗುರ ಕಾರುಗಳು ಒಂದೊಂದಾಗಿ ನಿಂತುಹೋದವು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ, ಮಾಜ್ದಾದ ಕೆನಿಚಿ ಯಾಮಾಮೊಟೊ ಅವರೊಡನೆ ಮಾತನಾಡುವಾಗ, ಅಂಥದೊಂದು ಅಗ್ಗದ ತೆರೆದ ಕಾರನ್ನು ನೀವೇಕೆ ಮಾಡಬಾರದು ಎಂದು ಸೂಚಿಸಿದ. ಇಂಗ್ಲೆಂಡಿನಲ್ಲಿ ಕಟ್ಟಿಸಿದ ಮಾದರಿಯೊಂದನ್ನು 1985ರಲ್ಲಿ ಕ್ಯಾಲಿಫೋರ್ನಿಯದ ಸಾಂತಾ ಬಾರ್ಬರಾ ಊರಿನಲ್ಲಿ ಓಡಿಸಿ ನೋಡಿದರು. 1989ರ ಫೆಬ್ರವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಕಾರು ಲೋಕದ ಮುಂದೆ ಬಂದಿತು. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದುವು.

ಅದರಲ್ಲಿ ಏನು ವಿಶೇಷ? ಎಂಜಿನ್ 1.6 ಲೀಟರಿನದು, ಶಕ್ತಿ ಸುಮಾರು 115 ಕುದುರೆಗಳದು, ದೊಡ್ಡದೇನಲ್ಲ. ಆದರೆ ತೂಕ 950 ಕಿಲೋ ಆಸುಪಾಸು. ಎಂಜಿನ್ ಮುಂದೆ, ನೂಕುವ ಗಾಲಿಗಳು ಹಿಂದೆ. ಈ ಏರ್ಪಾಡು ಮುಂಬಯಿಯವರಿಗೆ ಹೊಸದಲ್ಲ. 2023ರಲ್ಲಿ ರಸ್ತೆಯಿಂದ ನಿವೃತ್ತವಾದ ಪದ್ಮಿನಿ ಟ್ಯಾಕ್ಸಿಯಲ್ಲಿಯೂ ಇದೇ ಇತ್ತು. ಮುಂದಿನ ಗಾಲಿಗಳಿಗೆ ದಾರಿ ತಿರುಗಿಸುವ ಕೆಲಸ, ಹಿಂದಿನವಕ್ಕೆ ನೂಕುವ ಕೆಲಸ. ಹೀಗೆ ದುಡಿಮೆ ಹಂಚಿಹೋಗುತ್ತದೆ. ಮಾಜ್ದಾದವರು ತೂಕವನ್ನೂ ಮುಂದಕ್ಕೆ ಹಿಂದಕ್ಕೆ ಹೆಚ್ಚುಕಡಿಮೆ ಸಮನಾಗಿ ಹಂಚಿದರು. ಸವಾರನೂ ಕುದುರೆಯೂ ಒಂದೇ ದೇಹವಾಗಬೇಕೆಂಬ ಅರ್ಥದ ಜಪಾನೀ ಮಾತೊಂದನ್ನು ಗುರಿಯಾಗಿಟ್ಟುಕೊಂಡರು.

ಈಗ ಪರೀಕ್ಷೆಗೆ ಬರೋಣ. ಹೊಸ ಗಾಡಿಯನ್ನು ಪಥಕ್ಕೆ ಒಯ್ದೊಡನೆ ಚಾಲಕ ವೇಗವಾಗಿ ಬಿಡುವುದಿಲ್ಲ. ಮೊದಲು ತಣ್ಣಗಿರುವಾಗಲೇ ಟೈರುಗಳ ಗಾಳಿಯ ಒತ್ತಡ ಅಳೆದು ಬರೆದುಕೊಳ್ಳುತ್ತಾನೆ. ಒಂದೆರಡು ಸುತ್ತು ನಿಧಾನವಾಗಿ ಹೋಗಿ ಟೈರು, ಬ್ರೇಕು, ಎಣ್ಣೆ ಕಾಯುವಂತೆ ಮಾಡುತ್ತಾನೆ. ಆಮೇಲೆ ಪ್ರತಿಯೊಂದು ತಿರುವಿಗೂ ಮೂರು ಗುರುತು ಇಟ್ಟುಕೊಳ್ಳುತ್ತಾನೆ: ಬ್ರೇಕು ಒತ್ತುವ ಜಾಗ, ತಿರುವಿನ ಒಳಅಂಚನ್ನು ಸವರುವ ಜಾಗ, ಹೊರಬೀಳುವ ಜಾಗ. ವೇಗವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತಾನೆ. ಏನಾದರೂ ಬದಲಿಸಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾನೆ. ಎರಡನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ನಮ್ಮ ಗಿರಣಿಯ ಜಾಬರನಿಗೂ ಈ ನಿಯಮ ಗೊತ್ತು.

ಇಲ್ಲಿ ಮುಖ್ಯವಾದುದು ಟೈರಿನ ಹಿಡಿತ. ಒಂದೊಂದು ಟೈರು ನೆಲವನ್ನು ಮುಟ್ಟುವುದು ಅಂಗೈಯಷ್ಟು ಜಾಗದಲ್ಲಿ ಮಾತ್ರ. ಆ ಹಿಡಿತ ತಿಂಗಳ ಸಂಬಳವಿದ್ದಂತೆ. ಎಲ್ಲವನ್ನೂ ಬ್ರೇಕಿಗೆ ಖರ್ಚುಮಾಡಿದರೆ ತಿರುಗುವುದಕ್ಕೆ ಕಾಸು ಉಳಿಯದು. ತಿರುಗುವುದಕ್ಕೆ ಪೂರ್ತಿ ವೆಚ್ಚವಾಗಿರುವಾಗ ಎಂಜಿನ್ನಿಗೆ ಕಾಲು ಕೊಟ್ಟರೆ ಸಾಲವಾಗುತ್ತದೆ. ಆದುದರಿಂದ ಬಲ್ಲವನು ನೇರ ದಾರಿಯಲ್ಲೇ ಬ್ರೇಕು ಮುಗಿಸುತ್ತಾನೆ. ಬ್ರೇಕು ಒತ್ತಿದಾಗ ಭಾರ ಮುಂದಕ್ಕೆ ಬಾಗಿ ಮುಂದಿನ ಗಾಲಿಗಳು ನೆಲವನ್ನು ಬಿಗಿಹಿಡಿಯುತ್ತವೆ. ಅದನ್ನು ಮೆಲ್ಲನೆ ಬಿಡುತ್ತಾ ತಿರುವಿಗೆ ಇಳಿಯುತ್ತಾನೆ, ದಾರಿ ನೇರವಾದಂತೆ ವೇಗ ಕೊಡುತ್ತಾನೆ.

ತಿರುವಿನ ನಡುವೆ ಗಾಬರಿಗೊಂಡು ವೇಗದ ಪೆಡಲಿನಿಂದ ಒಮ್ಮೆಲೇ ಕಾಲು ತೆಗೆದರೆ ಏನಾಗುತ್ತದೆ? ಭಾರ ಮುಂದಕ್ಕೆ ಸರಿಯುತ್ತದೆ, ಹಿಂಬದಿ ಹಗುರವಾಗುತ್ತದೆ, ಬಾಲ ಹೊರಕ್ಕೆ ಬೀಸುತ್ತದೆ. ಆಗ ಬಾಲ ಹೋದ ಕಡೆಗೇ ಚಕ್ರ ತಿರುಗಿಸಿ ಸಾವರಿಸಬೇಕು. ಒಳ್ಳೆಯ ಗಾಡಿ ಜಾರುವ ಮೊದಲೇ ಆಸನದ ಮೂಲಕ, ಕೈಯ ಚಕ್ರದ ಮೂಲಕ ಎಚ್ಚರಿಕೆ ಕೊಡುತ್ತದೆ. ಪರೀಕ್ಷಕ ಹುಡುಕುವುದು ಈ ಎಚ್ಚರಿಕೆಯನ್ನೇ. ಕೇವಲ ಗಡಿಯಾರದ ಸೆಕೆಂಡುಗಳನ್ನಲ್ಲ.

ಹಗುರಿನ ಲಾಭವೂ ಇಲ್ಲಿಯೇ ಕಾಣುವುದು. ಒಂದೇ ವೇಗದಲ್ಲಿ ಹೋಗುವ 1,500 ಕಿಲೋ ಕಾರನ್ನು ನಿಲ್ಲಿಸಲು 1,000 ಕಿಲೋ ಕಾರಿಗಿಂತ ಒಂದೂವರೆ ಪಟ್ಟು ಶಕ್ತಿಯನ್ನು ಬ್ರೇಕುಗಳು ನುಂಗಬೇಕು. ವೇಗ ಇಮ್ಮಡಿಯಾದರಂತೂ ಅದು ನಾಲ್ಕು ಪಟ್ಟು. ಭಾರದ ಗಾಡಿಯ ಬ್ರೇಕು ಹಲವು ಸುತ್ತುಗಳ ನಂತರ ಕಾದು ಸೋಲುವುದಕ್ಕೆ ಇದೇ ಕಾರಣ. ಆದಕಾರಣ ಕೊನೆಯ ಸುತ್ತನ್ನು ಬ್ರೇಕು ಮುಟ್ಟದೆ ನಿಧಾನವಾಗಿ ಸಾಗಿಸಿ ಗಾಡಿಯನ್ನು ತಣಿಸುತ್ತಾರೆ. ಟೈರಿನ ಒತ್ತಡವನ್ನು ಮತ್ತೆ ಅಳೆಯುತ್ತಾರೆ.

ಸ್ನೇಹಿತರೇ, ಈ ಕೆಲಸ ಸಾರ್ವಜನಿಕ ರಸ್ತೆಯಲ್ಲಿ ನಡೆಯಬಾರದು. ಪಥದಲ್ಲಿ ಎದುರಿನಿಂದ ಬರುವವರಿಲ್ಲ, ಅಡ್ಡ ಓಡುವ ಮಗುವಿಲ್ಲ. ಜಾರಿದರೆ ಜಾರಲು ಬಯಲುಂಟು. ಮಾಜ್ದಾದವರು 1965ರಲ್ಲಿಯೇ ಹಿರೋಶಿಮಾ ಪ್ರಾಂತ್ಯದ ಮಿಯೋಷಿಯಲ್ಲಿ ಇಂಥ ಪಥ ಮಾಡಿಕೊಂಡರು. ನಮ್ಮ ದೇಶದಲ್ಲಿಯೂ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ, ಕೊಯಮತ್ತೂರಿನಲ್ಲಿ, ಗ್ರೇಟರ್ ನೋಯ್ಡಾದಲ್ಲಿ ಪಥಗಳಿವೆ. ಆದರೂ ನಮ್ಮ ತರುಣರು ರಾತ್ರಿ ಹೆದ್ದಾರಿಯಲ್ಲಿ ಪಂದ್ಯ ಕಟ್ಟುತ್ತಾರೆ. ಅದರ ಬೆಲೆಯನ್ನು ಎಷ್ಟೋ ಸಲ ತೆರುವವನು ಪಂದ್ಯದ ಸುದ್ದಿಯೇ ತಿಳಿಯದ ಪಾದಚಾರಿ, ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಮರಳುವ ಕೂಲಿಕಾರ.

ಪರೀಕ್ಷಕನ ಧೈರ್ಯವೆಂದರೆ ವೇಗವೊಂದೇ ಅಲ್ಲ. ಇಳಿದು ಬಂದು, ಲಕ್ಷಾಂತರ ಹಣ ಸುರಿದ ಯಜಮಾನರ ಮುಂದೆ "ಇದು ಇನ್ನೂ ಸರಿಯಿಲ್ಲ" ಎಂದು ಹೇಳುವುದೇ ದೊಡ್ಡ ಧೈರ್ಯ. ಆ ಮಾತಿನ ಮೇಲೆ, ಅವನ ಮುಖವನ್ನೇ ಕಾಣದ ಸಾವಿರಾರು ಜನರ ಪ್ರಾಣ ನಿಂತಿದೆ. ನಾವು ಎಲ್ಲಿಯೇ ದುಡಿಯಲಿ, ತಪಾಸಣೆಯ ಚೀಟಿಗೆ ಸಹಿ ಹಾಕುವಾಗ ಇದನ್ನು ನೆನೆಯುವುದು ಒಳ್ಳೆಯದು.