ಹಿರಿಯರ ಖಿದ್ಮತ್: ಒಬ್ಬರ ಹೆಗಲಿಗೇ ಬಿಡಬೇಡಿ

(ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನಾವು ಸಾಮಾನ್ಯವಾಗಿ ಅಂಕ, ಕೋರ್ಸು, ಪ್ರವೇಶ ಪರೀಕ್ಷೆಗಳ ಬಗ್ಗೆ ಮಾತಾಡುತ್ತೇವೆ. ಈ ಸಲ ಮನೆಯ ಒಳಕೋಣೆಯ ವಿಷಯ ಮಾತಾಡೋಣ ಎಂದುಕೊಂಡಿದ್ದೇವೆ. ಅನೇಕ ಮನೆಗಳ ಒಳಕೋಣೆಯಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರು ಇರುತ್ತಾರೆ. ಅವರ ಪಕ್ಕದಲ್ಲಿ ಹಗಲೂ ರಾತ್ರಿ ಎಚ್ಚರವಾಗಿರುವವರು ಇನ್ನೊಬ್ಬರು ಇರುತ್ತಾರೆ. ಬಂದ ನೆಂಟರು ಮಲಗಿದವರನ್ನು ಹೇಗಿದ್ದೀರಿ ಎಂದು ಕೇಳುತ್ತಾರೆ. ಪಕ್ಕದಲ್ಲಿ ನಿಂತವರನ್ನು ಯಾರೂ ಕೇಳುವುದಿಲ್ಲ. ಇವತ್ತಿನ ಮಾತು ಅವರ ಬಗ್ಗೆ.

ಇದಕ್ಕೂ ವಿದ್ಯಾರ್ಥಿವೇತನಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ವರ್ಷಗಟ್ಟಲೆ ಹಾಜರಿ ಕರೆದ ಶಿಕ್ಷಕರಿಗೆ ಆ ಸಂಬಂಧ ಗೊತ್ತಿದೆ. ಜ್ವರ ಬಂದ ಮಗು ಎರಡು ಮೂರು ದಿನ ಒಟ್ಟಿಗೆ ತಪ್ಪಿಸಿಕೊಂಡು ಮತ್ತೆ ಬರುತ್ತದೆ. ಪ್ರತಿ ವಾರ ಅದೇ ಎರಡು ದಿನ ಬಾರದ ಹುಡುಗಿಯನ್ನು ಕರೆದು ವಿಚಾರಿಸಿದರೆ ಉತ್ತರ ಬೇರೆ ಇರುತ್ತದೆ. ಆ ದಿನಗಳಲ್ಲಿ ದಾದಾ ಅವರಿಗೆ ಡಯಾಲಿಸಿಸ್. ಅಮ್ಮಿ ಅವರ ಜೊತೆ ಆಸ್ಪತ್ರೆಗೆ ಹೋದರೆ ಮನೆಯಲ್ಲಿ ದಾದಿಯನ್ನು ನೋಡಿಕೊಳ್ಳುವವಳು ಇವಳೇ. ಮೊದಲು ವಾರಕ್ಕೆ ಎರಡು ದಿನ ಹೋಗುತ್ತದೆ. ಆಮೇಲೆ ಒಂದು ಕಿರುಪರೀಕ್ಷೆ ಹೋಗುತ್ತದೆ. ಆಮೇಲೆ, ‘ಪಿಯುಸಿ ಮುಂದಿನ ವರ್ಷ ಸೇರಿದರಾಯಿತು ಬಿಡಿ’ ಎಂಬ ಮಾತು ಬರುತ್ತದೆ. ಮುಂದಿನ ವರ್ಷ ಬರುತ್ತದೆ, ಹುಡುಗಿ ಬರುವುದಿಲ್ಲ. ಶುಲ್ಕಕ್ಕೆ ಹಣವಿದ್ದೂ ಓದು ನಿಲ್ಲುವುದು ಹೀಗೆ. ದಾನಿಗಳು ಕೊಟ್ಟ ಹಣ ಈ ಒಂದು ತೂತಿನಲ್ಲಿ ಸೋರಿಹೋಗುತ್ತದೆ.

ನಮ್ಮ ಮನೆಗಳಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡದಲ್ಲಿ ದಾದಿ ಎಂದರೆ ಶುಶ್ರೂಷೆ ಮಾಡುವವಳು. ಎರಡೂ ಅರ್ಥ ಆಕೆಗೆ ಒಪ್ಪುತ್ತದೆ. ನಾವು ಚಿಕ್ಕವರಿದ್ದಾಗ ನಮ್ಮ ಹೇಲುಚ್ಚೆ ಬಳಿದು, ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕಿ ರಾತ್ರಿಯೆಲ್ಲ ಕೂತವಳು ಆಕೆಯೇ. ಈಗ ಸರದಿ ನಮ್ಮದು. ಈ ಋಣದ ಬಗ್ಗೆ ಇಲ್ಲಿ ಕೂತ ಯಾರಿಗೂ ತಕರಾರಿಲ್ಲ. ಆದರೆ ಒಂದು ಪ್ರಶ್ನೆ ಇದೆ. ಋಣ ಎಲ್ಲರದು ಎಂದಮೇಲೆ ತೀರಿಸುವವರು ಒಬ್ಬರೇ ಏಕೆ?

ಮೂರು ನಾಲ್ಕು ಮಕ್ಕಳಿರುವ ಮನೆಯಲ್ಲೂ ಖಿದ್ಮತ್ ಮಾಡುವವರು ಒಬ್ಬರೇ ಆಗಿರುವುದನ್ನು ನಾವು ಕಾಣುತ್ತೇವೆ. ಬಹಳ ಸಲ ಅವರು ಊರಲ್ಲೇ ಉಳಿದ ಸೊಸೆ, ಇಲ್ಲವೇ ಮದುವೆಯಾಗದ ಮಗಳು. ಒಬ್ಬ ಮಗ ದುಬೈಯಲ್ಲಿ, ಒಬ್ಬ ಬೆಂಗಳೂರಿನಲ್ಲಿ ಇರುತ್ತಾನೆ. ಅವರು ಹಣ ಕಳಿಸುತ್ತಾರೆ, ಅದು ದೊಡ್ಡದೇ. ಆದರೆ ರಾತ್ರಿ ವಿಡಿಯೋ ಕರೆಯಲ್ಲಿ ‘ಅಮ್ಮಿ ಯಾಕೆ ಇಷ್ಟು ಸೊರಗಿದ್ದಾರೆ, ಸರಿಯಾಗಿ ಊಟ ಕೊಡುತ್ತಿದ್ದೀರೋ ಇಲ್ಲವೋ’ ಎಂದು ಕೇಳಿದರೆ, ಇಡೀ ದಿನ ದುಡಿದವಳ ಜೀವಕ್ಕೆ ಹೇಗಾಗಬೇಕು?

2007ರಲ್ಲಿ ಕೇಂದ್ರ ಸರ್ಕಾರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆಗಾಗಿ ಒಂದು ಕಾಯ್ದೆ ತಂದಿತು. ಅದರಲ್ಲಿ ‘ಮಕ್ಕಳು’ ಎಂದರೆ ಯಾರು ಎಂದು ಬರೆದಿದೆ: ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಅಪ್ರಾಪ್ತ ವಯಸ್ಸಿನವರು ಅದರಲ್ಲಿ ಸೇರುವುದಿಲ್ಲ. ಈ ಪಟ್ಟಿಯಲ್ಲಿ ಸೊಸೆಯ ಹೆಸರಿಲ್ಲ, ಶಾಲೆಗೆ ಹೋಗುವ ಹುಡುಗಿಯ ಹೆಸರೂ ಇಲ್ಲ. ನಮ್ಮ ಮನೆಗಳಲ್ಲಿ ಕೆಲಸದ ಹೆಚ್ಚಿನ ಪಾಲು ಬಿದ್ದಿರುವುದು ಈ ಇಬ್ಬರ ಮೇಲೇ. ಸೊಸೆ ಮಾಡುವುದು ಆಕೆಯ ಒಳ್ಳೆಯತನ. ಅದನ್ನು ಉಪಕಾರವೆಂದು ನೆನೆಯಬೇಕೇ ಹೊರತು ಬಾಕಿ ವಸೂಲಿ ಮಾಡಿದಂತೆ ಕೇಳಬಾರದು.

ಇನ್ನು ದಣಿವಿನ ಮಾತು. ತಂದೆತಾಯಿಯ ಮುಂದೆ ಬೇಸರದ ಒಂದು ಉಸಿರನ್ನೂ ಬಿಡಬಾರದೆಂದು ನಾವೆಲ್ಲ ಕೇಳಿ ಬೆಳೆದವರು. ಅದು ಸರಿಯೇ. ಆದರೆ ಆರು ತಿಂಗಳು ಪೂರ್ತಿ ನಿದ್ದೆಯಿಲ್ಲದವರಿಗೆ ಒಂದು ದಿನ ಸಿಡುಕು ಬಂದೇ ಬರುತ್ತದೆ. ಬಂದಮೇಲೆ ಅವರು ತಾವು ಪಾಪಿಗಳೆಂದು ಕೊರಗುತ್ತಾರೆ. ಯಾರಿಗೂ ಹೇಳಿಕೊಳ್ಳುವುದಿಲ್ಲ. ತಮ್ಮದೇ ಬಿಪಿ ಮಾತ್ರೆ ಮರೆಯುತ್ತಾರೆ, ಸೊಂಟ ಹಿಡಿದುಕೊಂಡೇ ಓಡಾಡುತ್ತಾರೆ, ಮಲಗಿದರೂ ನಿದ್ದೆ ಬರುವುದಿಲ್ಲ, ಸಣ್ಣ ಮಾತಿಗೆ ಕಣ್ಣೀರು ಬರುತ್ತದೆ. ಇವು ಪ್ರೀತಿ ಕಡಿಮೆಯಾದ ಗುರುತುಗಳಲ್ಲ, ಮೈಮನಸ್ಸು ದಣಿದ ಗುರುತುಗಳು. ಅಮೆರಿಕದ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಎಂಬವರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಕುಟುಂಬಗಳಿಗಾಗಿ 1981ರಲ್ಲಿ ಒಂದು ಪುಸ್ತಕ ತಂದರು. ಅದಕ್ಕೆ ಅವರಿಟ್ಟ ಹೆಸರಿನ ಅರ್ಥ ‘36 ಗಂಟೆಗಳ ದಿನ’. ಆ ಹೆಸರು ಕೇಳಿದರೆ ಸಾಕು, ಇಲ್ಲಿರುವ ಕೆಲವು ತಾಯಂದಿರಿಗೆ ವಿವರಣೆ ಬೇಕಾಗುವುದಿಲ್ಲ.

ಮರೆವಿನ ಕಾಯಿಲೆಯ ಬಗ್ಗೆ ಎಲ್ಲರೂ ತಿಳಿದಿರಬೇಕಾದ ಒಂದು ಮಾತಿದೆ. ಈ ಕಾಯಿಲೆಯವರು ಊಟ ಮಾಡಿ ಹತ್ತು ನಿಮಿಷಕ್ಕೆ ‘ನನಗೆ ಊಟ ಕೊಟ್ಟಿಲ್ಲ’ ಎನ್ನಬಹುದು. ತಾವೇ ಎಲ್ಲೋ ಇಟ್ಟ ಬಳೆಯನ್ನು ಸೊಸೆ ಕದ್ದಳೆನ್ನಬಹುದು. ನೋಡಲು ಬಂದವರು ಅದನ್ನು ನಂಬಿ ಊರೆಲ್ಲ ಹೇಳಿದರೆ ಆ ಮನೆ ಒಡೆಯುತ್ತದೆ. ಹಾಗೆ ಮಾತಾಡಿಸುವುದು ಕಾಯಿಲೆ. ವಾದ ಮಾಡಿ ಗೆಲ್ಲಲು ಹೋಗಬೇಡಿ. ‘ಬನ್ನಿ, ಹುಡುಕೋಣ’ ಎಂದು ಜೊತೆಗೆ ನಡೆಯಿರಿ, ಮಾತನ್ನು ಬೇರೆ ಕಡೆಗೆ ತಿರುಗಿಸಿ. ವಯಸ್ಸಾಯಿತು ಎಂದು ಸುಮ್ಮನಾಗದೆ ಒಮ್ಮೆ ವೈದ್ಯರಿಗೆ ತೋರಿಸಿ. ನೆಂಟರಿಗೂ ಮೊದಲೇ ತಿಳಿಸಿ.

ಹಾಗಾದರೆ ಮನೆಯಲ್ಲಿ ಮಾಡಬೇಕಾದದ್ದೇನು? ಮೇಷ್ಟ್ರ ಕೆಲಸ ಮಾಡಿದವರು ನಾವು, ಟೈಮ್‌ಟೇಬಲ್ಲಿನಿಂದಲೇ ಶುರು ಮಾಡುತ್ತೇವೆ.

ಮೊದಲನೆಯದು, ಎಲ್ಲರೂ ಒಂದು ದಿನ ಕೂತು ಕೆಲಸಗಳನ್ನು ಹಾಳೆಯ ಮೇಲೆ ಬರೆಯಿರಿ. ಬೆಳಗಿನ ಮಾತ್ರೆ, ಸ್ನಾನ, ಬಟ್ಟೆ, ಊಟ, ಆಸ್ಪತ್ರೆ, ರಾತ್ರಿ ಎಚ್ಚರ. ಮಲಗಿದಲ್ಲೇ ಇರುವವರಿಗೆ ಬೆನ್ನುಹುಣ್ಣು ಆಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದನ್ನೂ ಬರೆಯಿರಿ. ಪ್ರತಿ ಕೆಲಸದ ಮುಂದೆ ಒಂದು ಹೆಸರು ಹಾಕಿ. ಒಂದೇ ಹೆಸರು ಮತ್ತೆ ಮತ್ತೆ ಬರುವುದನ್ನು ಕಣ್ಣಾರೆ ಕಂಡಾಗ ಮನೆಯವರೇ ಯೋಚಿಸುತ್ತಾರೆ. ಅಬ್ಬಾ ಅವರಿಗೆ ಸ್ನಾನ ಮಾಡಿಸುವುದು, ಅವರನ್ನು ಎತ್ತಿ ಕೂರಿಸುವುದು ಗಂಡುಮಕ್ಕಳಿಗೆ ಆಗದ ಕೆಲಸವಲ್ಲ. ದೂರದ ಊರಿನಲ್ಲಿರುವವರು ವರ್ಷಕ್ಕೊಮ್ಮೆ ಹದಿನೈದು ದಿನ ಬಂದು ಸ್ವತಃ ನೋಡಿಕೊಳ್ಳಲಿ. ಆ ಹದಿನೈದು ದಿನ ಇಲ್ಲಿ ದುಡಿದವಳು ತವರಿಗೆ ಹೋಗಿ ಬರಲಿ.

ಎರಡನೆಯದು, ನೋಡಿಕೊಳ್ಳುವವರಿಗೆ ವಾರಕ್ಕೆ ಅರ್ಧ ದಿನ ರಜೆ. ಅವರು ಬಾಯಿಬಿಟ್ಟು ಕೇಳುವ ತನಕ ಕಾಯಬೇಡಿ. ಕೂಲಿಯಾಳಿಗೂ ವಾರದ ರಜೆ ಇರಬೇಕೆನ್ನುವ ನಾವು ಮನೆಯವಳಿಗೆ ಅದನ್ನು ಮರೆಯಬಾರದು.

ಮೂರನೆಯದು, ನೂರು ಪುಟದ ಒಂದು ನೋಟ್‌ಬುಕ್ಕು. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಸಕ್ಕರೆ ಎಷ್ಟಿತ್ತು, ಬಿಪಿ ಎಷ್ಟಿತ್ತು, ವೈದ್ಯರು ಮತ್ತೆ ಬರಹೇಳಿದ ದಿನ ಯಾವುದು, ಇಷ್ಟು ಅದರಲ್ಲಿರಲಿ. ‘ಅವಳಿಗೇ ಎಲ್ಲ ಗೊತ್ತು, ನಮಗೆ ಗೊತ್ತಾಗಲ್ಲ’ ಎಂಬ ನೆಪ ಆಗ ಉಳಿಯುವುದಿಲ್ಲ. ಯಾರು ಬೇಕಾದರೂ ಆ ದಿನದ ಕೆಲಸ ಹಿಡಿಯಬಹುದು.

ನಾಲ್ಕನೆಯದು, ಹೊರಗಿನ ನೆರವನ್ನು ನಾಚಿಕೆಯಿಲ್ಲದೆ ಕೇಳಿ. ಹಿರಿಯರ ಸಮಸ್ಯೆಗಳಿಗೆ 14567 ಎಂಬ ಸಹಾಯವಾಣಿ ಇದೆ. ಮನಸ್ಸು ತೀರಾ ಕುಗ್ಗಿದಾಗ 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಆರಂಭವಾದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. 65 ವರ್ಷ ದಾಟಿದ ಬಡ ಹಿರಿಯರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ, ನಾಡಕಚೇರಿಯಲ್ಲಿ ವಿಚಾರಿಸಿ. ಮಕ್ಕಳು ಪೂರ್ತಿ ಕೈಬಿಟ್ಟಿದ್ದರೆ ಮೇಲೆ ಹೇಳಿದ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು.

ದಾನಿಗಳಲ್ಲಿ ಒಂದು ವಿನಂತಿ. ಪಕ್ಕದ ಕೇರಳದ ಕೋಝಿಕೋಡಿನಲ್ಲಿ 1993ರಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ನೋವು ಶಮನದ ಒಂದು ಸಂಸ್ಥೆ ಕಟ್ಟಿದರು. ಮುಂದೆ ಆ ಕೆಲಸ ಮಲಪ್ಪುರಂ ಮೊದಲಾದ ಕಡೆ ಆಸ್ಪತ್ರೆಯಿಂದ ಬೀದಿಗಿಳಿಯಿತು. ಊರಿನವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋಗತೊಡಗಿದರು, ಖರ್ಚಿಗೆ ಊರಿನವರೇ ಸಣ್ಣ ಸಣ್ಣ ಮೊತ್ತ ಕೊಟ್ಟರು. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ತಂದಿತು. ನಮ್ಮ ಮೊಹಲ್ಲಾದಲ್ಲಿ ಅಷ್ಟು ದೊಡ್ಡದು ನಾಳೆಯೇ ಆಗಲಿಕ್ಕಿಲ್ಲ. ಎರಡು ಗಾಲಿಕುರ್ಚಿ, ಎರಡು ಗಾಳಿಹಾಸಿಗೆ, ಎರಡು ವಾಕರ್ ತಂದು ಟ್ರಸ್ಟಿನ ಕೋಣೆಯಲ್ಲಿಟ್ಟರೆ, ಬೇಕಾದವರು ಒಯ್ದು ಬಳಸಿ ಮರಳಿಸಬಹುದು. ಹಣ ಕೊಡಲಾಗದವರು ವಾರಕ್ಕೆ ಎರಡು ಗಂಟೆ ಕೊಡಬಹುದು. ನೆರೆಮನೆಯ ಹಿರಿಯರ ಹತ್ತಿರ ಎರಡು ಗಂಟೆ ಕೂತರೆ, ಆ ಮನೆಯವಳು ಅಷ್ಟು ಹೊತ್ತು ನಿದ್ದೆ ಮಾಡುತ್ತಾಳೆ. ಇದೂ ದಾನವೇ.

ಟ್ರಸ್ಟಿನವರಲ್ಲಿ ಇನ್ನೊಂದು ವಿನಂತಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ತಂದೆಯ ಆದಾಯ, ಅಂಕ, ಬ್ಯಾಂಕ್ ಖಾತೆ ಕೇಳುತ್ತೀರಿ. ಅದರ ಕೆಳಗೆ ಒಂದು ಸಾಲು ಸೇರಿಸಿ: ‘ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆಯೇ? ಅವರನ್ನು ಯಾರು ನೋಡಿಕೊಳ್ಳುತ್ತಾರೆ?’ ಉತ್ತರದ ಜಾಗದಲ್ಲಿ ಅರ್ಜಿ ಹಾಕಿದ ಮಗುವಿನ ಹೆಸರೇ ಇದ್ದರೆ, ಆ ಮನೆಗೆ ಚೆಕ್ಕಿನ ಜೊತೆಗೆ ಒಬ್ಬ ಮನುಷ್ಯರೂ ಹೋಗಿ ವಿಚಾರಿಸಬೇಕು.

ತಾಯಿತಂದೆಯರೇ, ಉತ್ತರವನ್ನು ಮುಚ್ಚಿಡಬೇಡಿ. ಮನೆಯ ಕಷ್ಟ ಹೇಳಿದರೆ ಮರ್ಯಾದೆ ಹೋಗುವುದಿಲ್ಲ. ಶಾಲೆಯ ಶಿಕ್ಷಕರಿಗೂ ಹೇಳಿ. ತಪ್ಪಿದ ಪಾಠ ಕೊಡಿಸಲು ಅವರಿಗೆ ದಾರಿ ಇರುತ್ತದೆ.

ಮಕ್ಕಳೇ, ನೀವು ದಾದಾ ದಾದಿಯರ ಕೆಲಸದಿಂದ ತಪ್ಪಿಸಿಕೊಳ್ಳಬೇಕೆಂದು ನಾವು ಹೇಳುತ್ತಿಲ್ಲ. ಸಂಜೆ ಅರ್ಧ ಗಂಟೆ ಅವರಿಗೆ ಪತ್ರಿಕೆ ಓದಿ ಹೇಳಿ, ಕಾಲು ಒತ್ತಿ, ಉಗುರು ತೆಗೆಯಿರಿ, ಅವರ ಕಾಲದ ಕಥೆ ಕೇಳಿ. ಅಣ್ಣತಮ್ಮಂದಿರೂ ಇದನ್ನು ಮಾಡಬೇಕು, ಅಕ್ಕತಂಗಿಯರು ಮಾತ್ರವಲ್ಲ. ಆದರೆ ಶಾಲೆಯ ಹೊತ್ತು ಶಾಲೆಗೆ, ಪರೀಕ್ಷೆಯ ಹೊತ್ತು ಪರೀಕ್ಷೆಗೆ. ಮೊಮ್ಮಗಳ ಓದು ನಿಂತಿತೆಂದು ಸಂತೋಷಪಡುವ ದಾದಿಯನ್ನು ನಾವಂತೂ ಎಲ್ಲೂ ಕಂಡಿಲ್ಲ.

ಇವತ್ತು ರಾತ್ರಿ ಮನೆಗೆ ಹೋದಮೇಲೆ, ಹಿರಿಯರನ್ನು ನೋಡಿಕೊಳ್ಳುತ್ತಿರುವವರನ್ನು ಒಮ್ಮೆ ಕೇಳಿ, ‘ನೀವು ಊಟ ಮಾಡಿದಿರಾ? ಇವತ್ತು ನಾವು ಎಚ್ಚರವಿರುತ್ತೇವೆ, ನೀವು ಮಲಗಿ.’ ಕೇಳಿ ಸುಮ್ಮನಾಗದೆ ನಿಜವಾಗಿ ಎಚ್ಚರವಿರಿ.

ಹಿರಿಯರಿಗೂ, ಅವರನ್ನು ನೋಡಿಕೊಳ್ಳುವವರಿಗೂ ಅಲ್ಲಾಹನು ಆರೋಗ್ಯ ಕೊಡಲಿ.