ಅಳಿವೆಗೆ ಸಲ್ಲಬೇಕಾದ ಸಿಹಿನೀರು



ಕುಮಟಾ ತಾಲ್ಲೂಕಿನ ತದಡಿ ಮೀನುಗಾರರ ಒಂದು ಚಿಕ್ಕ ಬಂದರು. ಅಲ್ಲಿಂದ ದೋಣಿಯಲ್ಲಿ ಆಚೆ ದಡದ ಅಘನಾಶಿನಿ ಗ್ರಾಮಕ್ಕೆ ದಾಟುವ ಘಟ್ಟದ ಮೇಲಿನವರಿಗೆ, ಶಿರಸಿ ಸೀಮೆಯಲ್ಲಿ ಹುಟ್ಟಿ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುವ ಹೊಳೆ ಇದೇ ಎಂದು ನಂಬುವುದೇ ಕಷ್ಟ. ಇಲ್ಲಿ ಅದರ ಅಬ್ಬರ ಅಡಗಿದೆ. ದಿನಕ್ಕೆರಡು ಬಾರಿ ಕಡಲಿನ ಉಬ್ಬರ ಅದರ ಒಡಲನ್ನು ಹೊಕ್ಕು ಹೊರಡುತ್ತದೆ.

ಇಳಿತದ ಹೊತ್ತಿಗೆ ಮರಳದಿಬ್ಬಗಳು ತಲೆಯೆತ್ತಿದೊಡನೆ ಜನ ನೀರಿಗಿಳಿದು ಬೆಳಚು, ಚಿಪ್ಪಿಕಲ್ಲುಗಳನ್ನು ಆರಿಸುತ್ತಾರೆ. ಯಂತ್ರದೋಣಿಯಾಗಲಿ ದೊಡ್ಡ ಬಲೆಯಾಗಲಿ ಇಲ್ಲದ ಮನೆಯ ಒಲೆಯೂ ಇದರಿಂದ ಉರಿಯುತ್ತದೆ.

ಮಾಣಿಕಟ್ಟಾ ಮುಂತಾದ ಊರುಗಳ ಗಜನಿ ಗದ್ದೆಗಳಲ್ಲಿ ‘ಕಗ್ಗ’ ಎಂಬ ಭತ್ತ ಬೆಳೆಯುತ್ತದೆ. ಉಪ್ಪನ್ನೂ ನೆರೆಯನ್ನೂ ತಾಳುವ ಈ ತಳಿ ಪ್ರಯೋಗಶಾಲೆಯದಲ್ಲ, ತಲೆಮಾರುಗಳ ರೈತರ ಆಯ್ಕೆಯ ಫಲ. ಕಟಾವಿನ ನಂತರ ಒಳಬರುವ ಉಪ್ಪುನೀರಿನೊಡನೆ ಮೀನು, ಸಿಗಡಿಯ ಮರಿಗಳು ಬರುತ್ತವೆ. ಕೊಳೆತ ಕೂಳೆ ಅವುಗಳಿಗೆ ಮೇವಾಗುತ್ತದೆ. ಆದರೆ ಕಗ್ಗದ ತಾಳಿಕೆಗೂ ಮಿತಿಯುಂಟು. ಎಳೆಸಸಿಯ ಹಂತದಲ್ಲಿಯೂ ಹೂವಾಡುವ ಹಂತದಲ್ಲಿಯೂ ಭತ್ತಕ್ಕೆ ಉಪ್ಪಿನ ಬಾಧೆ ಹೆಚ್ಚು. ಮುಂಗಾರಿನ ಸಿಹಿನೀರು ಗದ್ದೆಯ ಉಪ್ಪನ್ನು ತೊಳೆದರೆ ಮಾತ್ರ ಬಿತ್ತನೆ ಸಾಧ್ಯ.

ಹೀಗಿರುವಾಗ, ಹೊಳೆಯ ನೀರು ಸಮುದ್ರಕ್ಕೆ ವ್ಯರ್ಥವಾಗಿ ಹರಿಯುತ್ತಿದೆ ಎಂಬ ಮಾತಿಗೆ ಅರ್ಥವೆಲ್ಲಿದೆ? ಆ ನೀರು ಉಪ್ಪನ್ನು ಹದಗೊಳಿಸುತ್ತದೆ, ಗಜನಿಗೆ ಮೆಕ್ಕಲು ತರುತ್ತದೆ, ಚಿಪ್ಪಿಯನ್ನೂ ಮೀನಿನ ಮರಿಯನ್ನೂ ಸಾಕುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಬೀಳದ ಕಾರಣದಿಂದಲೇ ಈ ಕೆಲಸ ನಡೆದುಬಂದಿದೆ. ಈಗ ಅದರ ನೀರನ್ನು ವೇದಾವತಿಯತ್ತ ತಿರುಗಿಸುವ ಪ್ರಸ್ತಾಪವೆದ್ದಿದೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಅಳಿವೆಯ ಪಾಲನ್ನು ‘ಹೆಚ್ಚುವರಿ’ ಎಂದು ಬರೆದುಕೊಳ್ಳುವ ಲೆಕ್ಕ ನ್ಯಾಯವಲ್ಲ.

2000ರ ದಶಕದಲ್ಲಿ ತದಡಿಗೆ ಬರಲಿದ್ದ 4,000 ಮೆಗಾವಾಟ್ ಉಷ್ಣವಿದ್ಯುತ್ ಯೋಜನೆಯನ್ನು ಜನ ತಡೆದರು. 2024ರ ಜನವರಿಯಲ್ಲಿ ಸುಮಾರು 4,801 ಹೆಕ್ಟೇರ್ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು. ಸಂತೋಷವೇ. ಆದರೆ ಆ ಗಡಿಗೆರೆ ಇರುವುದು ಕೆಳಗೆ. ನೀರು ಬರುವುದು ಗೆರೆಯಾಚೆಯ ಕಾನುಗಳಿಂದ. ಸಿದ್ದಾಪುರದ ಕಾಡಿನ ರಾಮಪತ್ರೆ ಜಡ್ಡಿಗಳು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಕ್ಕೆ ಬಿಡುತ್ತವೆ. ಜಡ್ಡಿ ಒಣಗಿದರೆ, ಕಾನು ಬೋಳಾದರೆ, ಕೆಳಗಿನ ಗಜನಿಗೂ ಬೆಳಚಿಗೂ ಅದರ ಪೆಟ್ಟು ತಟ್ಟದಿರದು.

ತದಡಿಯ ಹೆಣ್ಣುಮಗಳ ಬುಟ್ಟಿ ತುಂಬುವುದೂ ಬರಿದಾಗುವುದೂ ಘಟ್ಟದ ಮೇಲಿನವರ ಕೈಯಲ್ಲಿಯೂ ಇದೆ. ಅಳಿವೆಯ ರಕ್ಷಣೆ ಹಳ್ಳದ ತಲೆಯಿಂದಲೇ ಆರಂಭವಾಗಬೇಕು.